ಬೆಂಗಳೂರು ಎಫ್‌ಸಿ ಈಗ ಎಷ್ಟು ಗಟ್ಟಿ? ಹತ್ತು ತಿಂಗಳ ಬಿಡುವಿನ ಲೆಕ್ಕಾಚಾರ

ದೇಶದ ಮುಖ್ಯ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೆಬ್ರುವರಿ 14ಕ್ಕೆ ಶುರುವಾಗುತ್ತದೆ ಎಂದು ಕೇಂದ್ರ ಕ್ರೀಡಾ ಸಚಿವ ಮನ್‌ಸುಖ್ ಮಾಂಡವೀಯ 2026ರ ಜನವರಿ 6ರಂದು ಹೇಳಿದರು. 14 ಕ್ಲಬ್‌ಗಳೂ ಆಡುತ್ತವೆ, ಒಟ್ಟು 91 ಪಂದ್ಯ. ಖುಷಿಪಡುವ ಸುದ್ದಿಯೇ. ಆದರೆ ಆಸುಪಾಸಿನಲ್ಲೇ ಬಂದ ಉಳಿದ ಸುದ್ದಿಗಳನ್ನು ನೋಡಿ. ಕೇರಳ ಬ್ಲಾಸ್ಟರ್ಸ್ ನಾಯಕ ಅಡ್ರಿಯಾನ್ ಲೂನಾ ಇಂಡೊನೇಷ್ಯಾದ ಕ್ಲಬ್ಬಿಗೆ ಹೋದರು. ಅದೇ ತಂಡದ ನೋವಾ ಸದೌಯಿ ಕೂಡ ಅತ್ತಲೇ ನಡೆದರು. ಮುಂಬೈ ಸಿಟಿ ಕ್ಲಬ್ಬಿನ ಮಾಲೀಕತ್ವದಿಂದ ಸಿಟಿ ಫುಟ್‌ಬಾಲ್ ಗ್ರೂಪ್ ಎಂಬ ಕಂಪನಿ ಹೊರಬಿತ್ತು. ಜನವರಿ 2ರಂದು ಸುನಿಲ್ ಚೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಸೇರಿ ಹಲವು ಆಟಗಾರರು ವಿಡಿಯೊ ಮಾಡಿ, ಭಾರತದ ಫುಟ್‌ಬಾಲ್ ಉಳಿಸಿ ಎಂದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಗೆ ಮೊರೆ ಇಟ್ಟರು.

ಲೀಗ್ ಶುರುವಾಗುತ್ತದೆ ಅನ್ನುತ್ತಾರೆ, ಹಾಗಾದರೆ ಆಟಗಾರರು ಯಾಕೆ ಹೋಗುತ್ತಿದ್ದಾರೆ? ನಮ್ಮ ತಂಡ ಬೆಂಗಳೂರು ಎಫ್‌ಸಿ ಹೋದ ವರ್ಷಕ್ಕಿಂತ ಚಲೋ ಆಗಿದೆಯಾ, ಕೆಟ್ಟಿದೆಯಾ? ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಫೋನಿನಲ್ಲೇ ಐಎಸ್‌ಎಲ್ ನೋಡುವವರಿಗೆ ಈ ಗೊಂದಲ ಸಹಜ. ತಂಡದ ತವರಾದ ಕಂಠೀರವ ಕ್ರೀಡಾಂಗಣ ಇಲ್ಲಿಂದ 500 ಕಿ.ಮೀ.ಗೂ ಆಚೆ. ತಂಡದ ಒಳಸುದ್ದಿ ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ವದಂತಿ, ಅರ್ಧ ಸಿಟ್ಟು.

ಹಾಗಾಗಿ ಮೊದಲು ದುಡ್ಡಿನ ಕಥೆ, ಆಮೇಲೆ ಒಪ್ಪಂದದ ಕಥೆ, ಆಮೇಲೆ ತಂಡ. ಈ ಕ್ರಮ ತಪ್ಪಿಸಿ ನೇರವಾಗಿ ಆಟಗಾರರ ಪಟ್ಟಿ ನೋಡಿದರೆ ಏನೂ ಅರ್ಥವಾಗುವುದಿಲ್ಲ.

ಬಿಡುವು ಹತ್ತು ತಿಂಗಳಾಗಿದ್ದು ಹೇಗೆ

ಕಳೆದ ಸೀಸನ್ನಿನ ಫೈನಲ್ ನಡೆದದ್ದು 2025ರ ಏಪ್ರಿಲ್ 12ರಂದು, ಕೋಲ್ಕತ್ತದಲ್ಲಿ. ಬೆಂಗಳೂರು ಮೊದಲು ಮುನ್ನಡೆ ಪಡೆದಿತ್ತು. ಮೋಹನ್ ಬಾಗಾನ್ ಪೆನಾಲ್ಟಿಯಲ್ಲಿ ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್‌ಲಾರೆನ್ ಗೋಲು ಹೊಡೆದು 2–1ಕ್ಕೆ ಮುಗಿಸಿದರು. ಸಾಮಾನ್ಯ ವರ್ಷವಾದರೆ ಜುಲೈನಲ್ಲಿ ತಯಾರಿ, ಸೆಪ್ಟೆಂಬರಿನಲ್ಲಿ ಲೀಗ್. ಈ ಸಲ ಜುಲೈ 11ಕ್ಕೇ ಎಲ್ಲ ನಿಂತುಹೋಯಿತು.

ಕಾರಣ ಒಂದು ಹಳೆಯ ಕಾಗದ. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, ₹700 ಕೋಟಿಗೆ ರಿಲಯನ್ಸ್ ಕಡೆಯವರಿಗೆ ಕೊಟ್ಟಿತ್ತು. ಆ ಹಕ್ಕಿನ ಬಲದ ಮೇಲೆಯೇ ಎಫ್‌ಎಸ್‌ಡಿಎಲ್ ಎಂಬ ಕಂಪನಿ 2014ರಿಂದ ಐಎಸ್‌ಎಲ್ ನಡೆಸುತ್ತಾ ಬಂತು. ಈ ಒಪ್ಪಂದ ಮುಗಿಯುವ ದಿನ 2025ರ ಡಿಸೆಂಬರ್ 8. ಅಂದರೆ ಸೀಸನ್ ನಡುವೆಯೇ ಹಕ್ಕು ಕೈತಪ್ಪುತ್ತಿತ್ತು. ಹೊಸ ಒಪ್ಪಂದ ಮಾಡಿಕೊಳ್ಳಬೇಕು ಎಂದರೆ ಫೆಡರೇಷನ್ನಿನ ಸಂವಿಧಾನದ (ಆಡಳಿತ ನಿಯಮಾವಳಿಯ) ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು. ಅದು ತೀರ್ಮಾನವಾಗುವ ತನಕ ಹೊಸ ಕರಾರಿಗೆ ಕೈಹಾಕುವಂತಿರಲಿಲ್ಲ. ನಾಳೆ ಹಕ್ಕು ಇರುತ್ತದೋ ಇಲ್ಲವೋ ಗೊತ್ತಿಲ್ಲದ ಕಂಪನಿ ಟಿವಿ, ಪ್ರಾಯೋಜಕರು, ಮೈದಾನ ಎಂದು ಹೇಗೆ ದುಡ್ಡು ಹಾಕುತ್ತದೆ? ಎಫ್‌ಎಸ್‌ಡಿಎಲ್ ಸೀಸನ್ನನ್ನು ತಡೆಹಿಡಿದಿದ್ದೇವೆ ಎಂದು ಕ್ಲಬ್‌ಗಳಿಗೆ ಪತ್ರ ಬರೆಯಿತು.

ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಯುವ ತಂಡಗಳು ಮತ್ತು ಫುಟ್‌ಬಾಲ್ ಶಾಲೆಗಳು ಮಾತ್ರ ಮುಂದುವರಿಯುತ್ತವೆ ಎಂದಿತು. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಡಿಶಾ, ಚೆನ್ನೈಯಿನ್ ಕ್ಲಬ್‌ಗಳೂ ಕೆಲಸ ನಿಲ್ಲಿಸುವ ಹಾದಿ ಹಿಡಿದವು.

ಸೆಪ್ಟೆಂಬರ್ 19ಕ್ಕೆ ಕೋರ್ಟ್ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನೇನು ಸರಿಹೋಯಿತು ಅಂದುಕೊಂಡರೆ ಹೊಸ ತಲೆನೋವು. ಫೆಡರೇಷನ್ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ ₹37.5 ಕೋಟಿ ಅಥವಾ ಒಟ್ಟು ಆದಾಯದ ಶೇ 5, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡಬೇಕು ಎಂಬ ಷರತ್ತು. ನವೆಂಬರ್ 7ರ ಗಡುವು ಮುಗಿದಾಗ ಬಂದ ಬಿಡ್ ಒಂದೂ ಇಲ್ಲ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಜಾಹೀರಾತು ತರುವುದೇ ಕಷ್ಟವಿರುವಾಗ, ಗ್ಯಾರಂಟಿ ಹಣವನ್ನೂ ಕೊಟ್ಟು ಲೀಗ್ ನಡೆಸುವ ಖರ್ಚನ್ನೂ ಹೊರುವವರು ಯಾರು? ಕೊನೆಗೆ ಸರ್ಕಾರ ನಡುವೆ ಬಂದು ಸುಮಾರು ₹25 ಕೋಟಿಯ ಸಾಮೂಹಿಕ ನಿಧಿಯಲ್ಲಿ ಲೀಗ್ ನಡೆಸುವ ತೀರ್ಮಾನವಾಯಿತು. ಮೊದಲು ಬರೀ ಹಕ್ಕಿಗಾಗಿಯೇ ಫೆಡರೇಷನ್ನಿಗೆ ವರ್ಷಕ್ಕೆ ₹50 ಕೋಟಿ ಸಿಗುತ್ತಿತ್ತು. ಈಗ ಇಡೀ ಲೀಗಿನ ನಿಧಿಯೇ ಅದರ ಅರ್ಧ.

ಒಪ್ಪಂದದ ಗಡಿಯಾರ ನಿಲ್ಲುವುದಿಲ್ಲ

ಲೀಗ್ ನಿಂತಿತು, ಸಂಬಳ ನಿಂತಿತು. ನಿಲ್ಲದೆ ಓಡುತ್ತಿದ್ದದ್ದು ಆಟಗಾರರ ಒಪ್ಪಂದದ ದಿನಗಳು. ತಂಡವನ್ನು ಅಳೆಯುವಾಗ ನಾವು ಮರೆಯುವುದು ಇದನ್ನೇ.

ಭಾರತದಲ್ಲಿ ಫುಟ್‌ಬಾಲ್ ಒಪ್ಪಂದಗಳು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತವೆ. ಫಿಫಾ ನಿಯಮದ ಪ್ರಕಾರ ಒಪ್ಪಂದದ ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್ನಿಗೆ ಸಹಿ ಹಾಕಬಹುದು. ಈಗಿನ ಕ್ಲಬ್ಬಿಗೆ ಒಂದು ಪೈಸೆ ಕೊಡಬೇಕಿಲ್ಲ. ಅಂದರೆ 2026ರ ಮೇ ತಿಂಗಳಲ್ಲಿ ಒಪ್ಪಂದ ಮುಗಿಯುವ ಆಟಗಾರ, ಲೀಗಿನ ಮೊದಲ ಪಂದ್ಯಕ್ಕೂ ಮುಂಚೆಯೇ, ಡಿಸೆಂಬರಿನಿಂದಲೇ ಬೇರೆಯವರ ಜೊತೆ ಮಾತು ಮುಗಿಸಬಹುದು. ಎಂದಿನ ವರ್ಷದಲ್ಲಿ ಈ ಹೊತ್ತಿಗೆ ಅರ್ಧ ಲೀಗ್ ಆಗಿರುತ್ತಿತ್ತು. ಆಟ ನೋಡಿ ಕ್ಲಬ್ ಒಪ್ಪಂದ ವಿಸ್ತರಿಸುತ್ತಿತ್ತು. ಈ ಸಲ ನೋಡಲು ಲೀಗ್ ಆಟವೇ ಇರಲಿಲ್ಲ. ಆದರೂ ಗಡಿಯಾರ ಅಷ್ಟೇ ಮುಂದೆ ಹೋಯಿತು.

ಲಾವಣಿಗೆ ಹಾಕಿದ ಹೊಲ ನೋಡಿ. ಕೊನೆಯ ವರ್ಷದಲ್ಲಿ ಅದಕ್ಕೆ ಗೊಬ್ಬರ ಹೊಡೆಸುವವರು ಕಡಿಮೆ. ಒಪ್ಪಂದದ ಕೊನೆಯ ವರ್ಷದಲ್ಲಿರುವ ಆಟಗಾರನ ಸ್ಥಿತಿಯೂ ಹಾಗೇ. ಕೋಚ್ ಅವನ ಸುತ್ತ ತಂಡ ಕಟ್ಟಲು ಹಿಂದೆಮುಂದೆ ನೋಡುತ್ತಾರೆ. ಅವನೂ ಮುಂದಿನ ಮನೆಯ ಯೋಚನೆಯಲ್ಲಿರುತ್ತಾನೆ.

ಇನ್ನೊಂದು ನಿಯಮ ಇನ್ನೂ ಕಟ್ಟುನಿಟ್ಟು. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಆಟಗಾರ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಿ ಕನಿಷ್ಠ 15 ದಿನ ಗಡುವು ಕೊಡಬಹುದು. ಆಗಲೂ ದುಡ್ಡು ಬರದಿದ್ದರೆ ಒಪ್ಪಂದ ಮುರಿದು ಹೋಗಬಹುದು. ಇದು ನ್ಯಾಯವಾದ ಕಾರಣ ಎಂದು ಫಿಫಾ ಒಪ್ಪುತ್ತದೆ. ಹಾಗಾಗಿ ಸಂಬಳ ನಿಲ್ಲಿಸುವುದು ಬರೀ ಉಳಿತಾಯದ ಕ್ರಮವಲ್ಲ. ಎರಡು ತಿಂಗಳು ದಾಟಿದರೆ ಕ್ಲಬ್ ತನ್ನ ಆಟಗಾರರ ಮೇಲಿನ ಹಿಡಿತವನ್ನೇ ಬಿಟ್ಟುಕೊಟ್ಟಂತೆ.

ವಿದೇಶಿ ಆಟಗಾರರು ಮೊದಲು ಹೋಗುವುದೂ ಇದೇ ಕಾರಣಕ್ಕೆ. ಅವರಿಗೆ ಬೇರೆ ದೇಶಗಳ ಮಾರುಕಟ್ಟೆ ತೆರೆದಿರುತ್ತದೆ. ವಯಸ್ಸು ಮೂವತ್ತು ದಾಟಿದವರಿಗೆ ಒಂದು ವರ್ಷ ಸುಮ್ನೆ ಕೂರುವುದು ಅಂದರೆ ವೃತ್ತಿಯೇ ಮುಗಿದ ಹಾಗೆ. ಭಾರತೀಯ ಆಟಗಾರನಿಗೆ ಆ ಅನುಕೂಲ ಇಲ್ಲ. ಹೊರದೇಶದಲ್ಲಿ ಅವನನ್ನು ಕೇಳುವವರು ಕಡಿಮೆ, ದೇಶದೊಳಗೆ ಎಲ್ಲ ಕ್ಲಬ್ಬಿನ ಪಾಡೂ ಒಂದೇ. ಹಾಗಾಗಿ ಅವನು ಉಳಿಯುತ್ತಾನೆ. ಉಳಿದದ್ದನ್ನೆಲ್ಲ ನಿಷ್ಠೆ ಎಂದು ಓದಿಕೊಳ್ಳಬಾರದು.

ಪಕ್ಕದೂರಿನಲ್ಲೇ ಇದೆ ಉದಾಹರಣೆ

ಸಂಬಳ ನಿಂತರೆ ತಂಡ ಎಷ್ಟು ಬೇಗ ಬರಿದಾಗುತ್ತದೆ ಎಂದು ತಿಳಿಯಲು ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ. ಕಲಬುರಗಿಯಿಂದಲೂ ಬೆಂಗಳೂರಿಗಿಂತ ಅದೇ ಹತ್ತಿರ. ಗಚ್ಚಿಬೌಲಿಯಲ್ಲಿ ಆಡುತ್ತಿದ್ದ ಹೈದರಾಬಾದ್ ಎಫ್‌ಸಿ ಲೆಕ್ಕದಲ್ಲಿ ನಮಗೆ ಅತಿ ಹತ್ತಿರದ ಐಎಸ್‌ಎಲ್ ತಂಡ.

2022ರ ಮಾರ್ಚಿನಲ್ಲಿ ಆ ತಂಡ ಚಾಂಪಿಯನ್. ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 1–1 ಸಮ. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಹೊಡೆತ ತಡೆದರು. ಗೋವಾದವರು, ಆದರೆ ಅಡ್ಡಹೆಸರು ಕೇಳಿದರೆ ನಮ್ಮ ಕಡೆಯವರೇ ಅನ್ನಿಸುತ್ತದೆ, ಅಲ್ವಾ? ಬಾರ್ತಲೋಮ್ಯೂ ಒಗ್ಬೆಚೆ ಆ ಸೀಸನ್ನಿನಲ್ಲಿ 18 ಗೋಲು ಹೊಡೆದಿದ್ದರು. ಮರುವರ್ಷ ಲೀಗ್ ಪಟ್ಟಿಯಲ್ಲಿ ಎರಡನೇ ಸ್ಥಾನ.

ಆಮೇಲೆ ದುಡ್ಡಿನ ತೊಂದರೆ ಶುರುವಾಯಿತು. ಬಾಕಿ ಉಳಿಸಿಕೊಂಡ ಪ್ರಕರಣದಲ್ಲಿ ಫಿಫಾ ಹೊಸ ಆಟಗಾರರ ನೋಂದಣಿಗೆ ನಿಷೇಧ ಹಾಕಿತು. ಸೀಸನ್ ನಡುವೆಯೇ ಹಿರಿಯ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟರು. ಇಲ್ಲಿ ಕಾರಣದ ಸರಪಳಿ ಸ್ಪಷ್ಟ: ಸಂಬಳ ಬಾಕಿ, ಅದರಿಂದ ಆಟಗಾರ ಹೊರಗೆ, ಹಳೆಯ ಬಾಕಿ, ಅದರಿಂದ ನಿಷೇಧ, ನಿಷೇಧದಿಂದ ಹೊಸಬ ಒಳಗೆ ಬರುವಂತಿಲ್ಲ. ಎರಡೂ ಬಾಗಿಲು ಒಟ್ಟಿಗೆ ಕೈಕೊಟ್ಟವು. ಉಳಿದ ಹುಡುಗರನ್ನು ಕಟ್ಟಿಕೊಂಡು ಆಡಿದ ತಂಡ 2023–24ರಲ್ಲಿ 22 ಪಂದ್ಯದಲ್ಲಿ ಗೆದ್ದದ್ದು ಒಂದೇ ಒಂದು. 8 ಅಂಕ, ಕೊನೆಯ ಸ್ಥಾನ. ಚಾಂಪಿಯನ್ ಆಗಿ ಎರಡೇ ವರ್ಷಕ್ಕೆ!

ಮಾಲೀಕರು ಬದಲಾದರು. 2025ರ ಅಕ್ಟೋಬರಿನಲ್ಲಿ ಕ್ಲಬ್ಬೇ ದೆಹಲಿಗೆ ಎದ್ದು ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂದಾಯಿತು. ಬೀದರಿನ ಹುಡುಗ ಬೆಳಿಗ್ಗೆ ಬಸ್ ಹತ್ತಿ ಐಎಸ್‌ಎಲ್ ಪಂದ್ಯ ನೋಡಿಕೊಂಡು ಬರುವ ಸಾಧ್ಯತೆ ಅಲ್ಲಿಗೆ ಮುಗಿಯಿತು. ಈಗ ನಮ್ಮ ಮೂರು ಜಿಲ್ಲೆಯವರಿಗೆ ನಮ್ಮದು ಅನ್ನಬಹುದಾದ ತಂಡ ಬೆಂಗಳೂರು ಒಂದೇ.

ಬೆನ್ನೆಲುಬಿಗೆ ವಯಸ್ಸಾಗಿದೆ

ಇನ್ನು ಬೆಂಗಳೂರು ಎಫ್‌ಸಿಗೆ ಬರೋಣ. 2013ರಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಕ್ಲಬ್. ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ–ಲೀಗ್ ಗೆದ್ದಿತ್ತು. ಐಎಸ್‌ಎಲ್ ಪ್ರಶಸ್ತಿ ಒಂದು ಸಲ, 2018–19ರಲ್ಲಿ. ಫೈನಲ್ ಸೋತದ್ದು ಮೂರು ಸಲ. 2023–24ರಲ್ಲಿ 10ನೇ ಸ್ಥಾನಕ್ಕೆ ಕುಸಿದಿದ್ದ ತಂಡ ಮರುವರ್ಷ ಲೀಗಿನಲ್ಲಿ ಮೂರನೇ ಸ್ಥಾನ ಪಡೆದು ಫೈನಲ್ ತನಕ ಹೋಯಿತು.

ಆ ಏರಿಕೆಯ ದೊಡ್ಡ ಪಾಲು ಸುನಿಲ್ ಚೆಟ್ರಿಯದು. 14 ಗೋಲು, ಭಾರತೀಯ ಆಟಗಾರರಲ್ಲಿ ಅತಿ ಹೆಚ್ಚು. ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಕಂಠೀರವದಲ್ಲಿ ಹ್ಯಾಟ್ರಿಕ್. ಗೋವಾ ಎದುರಿನ ಸೆಮಿಫೈನಲ್ ಎರಡನೇ ಪಂದ್ಯದಲ್ಲಿ ಕೊನೆ ಗಳಿಗೆಯ ಹೆಡರ್. ಇವೆಲ್ಲ 40ನೇ ವಯಸ್ಸಿನಲ್ಲಿ. ಅವರು ಹುಟ್ಟಿದ್ದು 1984ರ ಆಗಸ್ಟ್ 3. ಈಗ 41.

ಇದನ್ನು ಅಭಿಮಾನದಿಂದ ನೋಡಿದರೆ ಪವಾಡ. ತಂಡದ ಲೆಕ್ಕದಿಂದ ನೋಡಿದರೆ ಚಿಂತೆಯ ವಿಷಯ. ಕ್ಲಬ್ಬಿಗಾಗಿ ಮುಖ್ಯವಾಗಿ ಗೋಲು ಹೊಡೆಯುವವನೇ 41ರವನಾಗಿದ್ದರೆ, ಹತ್ತು ವರ್ಷದಲ್ಲಿ ಇನ್ನೊಬ್ಬ ಭಾರತೀಯ ಸ್ಟ್ರೈಕರ್ ಅಲ್ಲಿ ಬೇರೂರಲಿಲ್ಲ ಎಂದೇ ಅರ್ಥ. ಇದು ಬೆಂಗಳೂರಿನ ತಪ್ಪು ಮಾತ್ರವಲ್ಲ. ಬಹುತೇಕ ಐಎಸ್‌ಎಲ್ ಕ್ಲಬ್‌ಗಳು ಒಂಬತ್ತನೇ ನಂಬರಿನ, ಅಂದರೆ ಮುಖ್ಯ ಸ್ಟ್ರೈಕರ್‌ನ ಜಾಗಕ್ಕೆ ವಿದೇಶಿಯನ್ನೇ ತರುತ್ತವೆ. ಚೆಟ್ರಿ 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ ಮೇಲೂ 2025ರ ಮಾರ್ಚಿನಲ್ಲಿ ಮತ್ತೆ ಕರೆತಂದದ್ದು ಇದೇ ಬರಗಾಲದಿಂದ. ಆ ವರ್ಷ ಅಕ್ಟೋಬರಿನಲ್ಲಿ ಸಿಂಗಪುರ ವಿರುದ್ಧ ಸೋತು ಏಷ್ಯನ್ ಕಪ್ ದಾರಿ ಮುಚ್ಚಿದ ಬಳಿಕ ಅವರು ಮತ್ತೆ ಹಿಂದೆ ಸರಿದರು. ಈಗ ಕ್ಲಬ್ ಒಂದೇ ಕೆಲಸ. ಕಾಲಿಗೆ ವಿಶ್ರಾಂತಿ ಸಿಗುತ್ತದೆ, ನಿಜ. ಆದರೆ 41ರಲ್ಲಿ ಪಂದ್ಯವಿಲ್ಲದ ತಿಂಗಳುಗಳು ವಿಶ್ರಾಂತಿಯೋ ತುಕ್ಕೋ ಎಂಬುದು ಮೈದಾನಕ್ಕಿಳಿದಾಗಲೇ ಕಾಣುವುದು.

ಚೆಟ್ರಿಯೊಬ್ಬರೇ ಅಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ 2026ರ ಫೆಬ್ರುವರಿ 3ಕ್ಕೆ 34 ಮುಟ್ಟುತ್ತಾರೆ. ರಕ್ಷಣೆಯ ನಡುವೆ ನಿಲ್ಲುವ ರಾಹುಲ್ ಭೇಕೆ 2025ರ ಡಿಸೆಂಬರಿನಲ್ಲಿ 35 ಮುಟ್ಟಿದರು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದು ಕಪ್ ತಂದವರೇ ಇವರು. ಗೋಲಿನ ಬಾಯಲ್ಲಿ, ರಕ್ಷಣೆಯ ನಡುವೆ, ದಾಳಿಯ ತುದಿಯಲ್ಲಿ ಹೀಗೆ ಮೂರೂ ಕಡೆ 33 ದಾಟಿದವರು. ತಂಡದ ಬೆನ್ನೆಲುಬು ಅನ್ನುವುದು ಇದನ್ನೇ. ಮೂವರೂ ಇಂದಿಗೂ ಗಟ್ಟಿ. ಆದರೆ ಮೂವರ ಬದಲಿಯನ್ನೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಹುಡುಕಬೇಕಾಗಿ ಬರಬಹುದು. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಅದು ದುಬಾರಿ ಕೆಲಸ.

ನಡುವಿನ ವಯಸ್ಸಿನವರು ಸಮಾಧಾನ ಕೊಡುತ್ತಾರೆ. ಸುರೇಶ್ ಸಿಂಗ್ ವಾಂಗ್ಜಮ್ 25ರ ಹರೆಯ. ಎಡಬದಿಯಿಂದ ಕ್ರಾಸ್ ಹಾಕುವ ರೋಷನ್ ಸಿಂಗ್ 26. ಮೋಹನ್ ಬಾಗಾನ್‌ನಿಂದ ವಾಪಸ್ ಬಂದ ಆಶಿಕ್ ಕುರುಣಿಯನ್ 28. ಇವರ ಮುಂದೆ ಒಳ್ಳೆಯ ವರ್ಷಗಳಿವೆ. ಒಪ್ಪಂದ ಉದ್ದ ಮಾಡುವುದಿದ್ದರೆ ಮೊದಲು ಇಂಥವರದ್ದು ಮಾಡಬೇಕು. ಆದರೆ ಅಭಿಮಾನಿಗಳು ಕೇಳುವುದು ಯಾವ ವಿದೇಶಿ ಸ್ಟ್ರೈಕರ್ ಬರುತ್ತಾನೆ ಅಂತ. ಸುರೇಶನ ಒಪ್ಪಂದ ಎಲ್ಲಿಯವರೆಗೆ ಇದೆ ಎಂದು ಕೇಳುವವರು ವಿರಳ.

ಒಂದು ಪಾಸ್‌ಪೋರ್ಟ್, ಒಂದು ಖಾಲಿ ಜಾಗ

ಈ ಬಿಡುವಿನಲ್ಲಿ ಬೆಂಗಳೂರಿಗೆ ಸಿಕ್ಕ ದೊಡ್ಡ ಲಾಭ ಹೊಸ ಆಟಗಾರನಿಂದ ಬಂದದ್ದಲ್ಲ. ಈಗಾಗಲೇ ತಂಡದಲ್ಲಿದ್ದವರಿಂದ ಬಂದದ್ದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವವರು) ರಯಾನ್ ವಿಲಿಯಮ್ಸ್ ಅಲ್ಲಿನ ಪೌರತ್ವ ಬಿಟ್ಟು 2025ರಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದರು. ತಾಯಿ ಮುಂಬೈನಲ್ಲಿ ಹುಟ್ಟಿದವರು. ನವೆಂಬರಿನಲ್ಲಿ ರಾಷ್ಟ್ರೀಯ ಶಿಬಿರಕ್ಕೂ ಕರೆ ಬಂತು. ಪತ್ರಿಕೆಗಳು ಇದನ್ನು ರಾಷ್ಟ್ರೀಯ ತಂಡದ ಸುದ್ದಿಯಾಗಿ ಬರೆದವು. ಕ್ಲಬ್ಬಿಗೆ ಇದರ ಅರ್ಥ ಬೇರೆಯೇ.

ಐಎಸ್‌ಎಲ್‌ನಲ್ಲಿ ಕ್ಲಬ್ 6 ವಿದೇಶಿಯರನ್ನು ಇಟ್ಟುಕೊಳ್ಳಬಹುದು. ಆದರೆ ಒಮ್ಮೆಗೆ ಮೈದಾನದಲ್ಲಿ 4 ಮಂದಿ ಮಾತ್ರ, ಉಳಿದ 7 ಜನ ಭಾರತೀಯರೇ ಇರಬೇಕು. ಇದು ಇತ್ತೀಚಿನ ಸೀಸನ್‌ಗಳ ನಿಯಮ. ವಿಲಿಯಮ್ಸ್ ವಿದೇಶಿಯಾಗಿದ್ದಾಗ ಆ ನಾಲ್ಕರಲ್ಲಿ ಒಂದು ಜಾಗ ತಿನ್ನುತ್ತಿದ್ದರು. ಈಗ ಅವರು ಏಳರ ಕಡೆಗೆ ಬಂದರು. ಅಂದರೆ ಕೋಚ್ ಅವರನ್ನೂ ಆಡಿಸಿ, ಜೊತೆಗೆ ಇನ್ನೂ ನಾಲ್ಕು ವಿದೇಶಿಯರನ್ನೂ ಇಳಿಸಬಹುದು. ವಿದೇಶದ ಲೀಗ್‌ಗಳಲ್ಲಿ ಬೆಳೆದ ಐದು ಜನ ಒಂದೇ ಹನ್ನೊಂದರಲ್ಲಿ. ಬೇರೆ ಕ್ಲಬ್‌ಗಳಿಗೆ ಈ ಅನುಕೂಲ ಇಲ್ಲ.

ಅದಕ್ಕೆ ಬೆಲೆಯೂ ಇದೆ. ಆ ಏಳರಲ್ಲಿ ವಿಲಿಯಮ್ಸ್ ಕೂತ ಮೇಲೆ ದೇಶದೊಳಗೆ ಬೆಳೆದ ಒಬ್ಬ ವಿಂಗರ್ ಬೆಂಚಿಗೆ ಹೋಗುತ್ತಾನೆ. ವಿಲಿಯಮ್ಸ್ 1993ರಲ್ಲಿ ಹುಟ್ಟಿದವರು, ಮೂವತ್ತು ದಾಟಿದ್ದಾರೆ. ಎರಡು ವರ್ಷದ ಲಾಭಕ್ಕೆ ಇದು ಅದ್ಭುತ. ಐದು ವರ್ಷದ ಯೋಜನೆಗೆ ಇದನ್ನು ನಂಬಿ ಕೂರುವಂತಿಲ್ಲ.

ಯಾರ ವಾದ ಏನು

ಕ್ಲಬ್‌ಗಳ ಮಾತು ಸರಳ: ಪಂದ್ಯ ಇಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಾಯೋಜಕ ಇಲ್ಲ, ಲೀಗಿನ ಆದಾಯದಲ್ಲಿ ಬರುವ ಪಾಲೂ ಇಲ್ಲ. ವರ್ಷ ವರ್ಷ ನಷ್ಟದಲ್ಲೇ ನಡೆಸುತ್ತಾ ಬಂದಿದ್ದೇವೆ, ಲೀಗ್ ನಡೆಯುತ್ತದೋ ಇಲ್ಲವೋ ತಿಳಿಯದೆ ಇನ್ನೆಷ್ಟು ಸುರಿಯಬೇಕು? ಆಟಗಾರರ ಮಾತು ಇನ್ನೂ ಸರಳ: ಒಪ್ಪಂದ ಸಹಿ ಮಾಡಿದ್ದು ನಿಮ್ಮ ಜೊತೆ, ಎಫ್‌ಎಸ್‌ಡಿಎಲ್ ಜೊತೆಗಲ್ಲ. ಫೆಡರೇಷನ್ ಕೋರ್ಟಿನ ಕಡೆ ಕೈ ತೋರಿಸಿತು, ಎಫ್‌ಎಸ್‌ಡಿಎಲ್ ಫೆಡರೇಷನ್ ಕಡೆ.

ಕ್ಲಬ್‌ಗಳ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೂ ಈ ಗೋಜಲಿನಲ್ಲಿ ಒಂದು ಸಹಿಯನ್ನೂ ಹಾಕದ, ಒಂದು ಸಭೆಯಲ್ಲೂ ಮತ ಇಲ್ಲದ ಆಟಗಾರನ ಮೇಲೆಯೇ ಮೊದಲ ಹೊರೆ ಬಿದ್ದದ್ದು ಒಪ್ಪುವಂಥದ್ದಲ್ಲ. ಚೆಟ್ರಿಯಂಥವರು ತಿಂಗಳುಗಟ್ಟಲೆ ಸಂಬಳವಿಲ್ಲದೆ ನಿಭಾಯಿಸಿಯಾರು. ಸಣ್ಣ ಒಪ್ಪಂದದ ಇಪ್ಪತ್ತರ ಹುಡುಗನಿಗೆ, ಮಸಾಜ್ ಮಾಡುವ ಸಿಬ್ಬಂದಿಗೆ ಅದು ಬಾಡಿಗೆಯ ಪ್ರಶ್ನೆ. ಕ್ಲಬ್ಬಿಗೂ ಇದರಲ್ಲಿ ಉಳಿತಾಯ ಅಷ್ಟೇನಿಲ್ಲ. ಎರಡು ತಿಂಗಳ ನಿಯಮದ ಕತ್ತಿ ತಲೆ ಮೇಲೆ ತೂಗುತ್ತಿರುತ್ತದೆ, ಹೈದರಾಬಾದಿನ ಕಥೆ ಎಲ್ಲರಿಗೂ ಗೊತ್ತಿದೆ. ಮುಂದಿನ ಸಲ ಸಹಿ ಹಾಕುವಾಗ ಆಟಗಾರನ ಏಜೆಂಟ್ ಇದೆಲ್ಲ ನೆನಪಿಟ್ಟುಕೊಂಡೇ ಮುಂಗಡ ಕೇಳುತ್ತಾನೆ.

13 ಪಂದ್ಯದ ಲೀಗ್ ಯಾರಿಗೆ ಅನುಕೂಲ

91 ಪಂದ್ಯ ಅಂದರೆ ಪ್ರತಿ ತಂಡ ಉಳಿದ 13 ತಂಡಗಳನ್ನು ಒಂದೊಂದೇ ಸಲ ಎದುರಿಸುತ್ತದೆ. ಕಳೆದ ಸಲ ತಲಾ 24 ಪಂದ್ಯ ಇದ್ದವು. ಈ ವ್ಯತ್ಯಾಸ ತಂಡದ ಬೆಲೆಯನ್ನೇ ಬದಲಿಸುತ್ತದೆ.

ಉದ್ದದ ಲೀಗಿನಲ್ಲಿ ಬೆಂಚು ಗೆಲ್ಲಿಸುತ್ತದೆ. ಗಾಯ, ದಣಿವು, ಕೆಂಪು ಕಾರ್ಡ್ ಎಲ್ಲ ಸೇರಿ ಕೊನೆಗೆ ಇಪ್ಪತ್ತೆರಡು, ಇಪ್ಪತ್ಮೂರು ಜನರ ಕೆಲಸ ಬೀಳುತ್ತದೆ. 13 ಪಂದ್ಯದ ಲೀಗಿನಲ್ಲಿ ಮೊದಲ ಹದಿನೈದು ಜನ ಗಟ್ಟಿ ಇದ್ದರೆ ಸಾಕು. ಆ ಲೆಕ್ಕದಲ್ಲಿ ವಯಸ್ಸಾದ ಆದರೆ ಪಳಗಿದ ಬೆನ್ನೆಲುಬಿನ ಬೆಂಗಳೂರಿಗೆ ಇದು ಒಳ್ಳೆಯ ರೂಪ. ಚೆಟ್ರಿಯನ್ನು ಆಯ್ದು ಆಡಿಸಬಹುದು. ಕಳೆದ ಸೀಸನ್ನಿನ ಶುರುವಿನಲ್ಲೂ ಆಗಿನ ಕೋಚ್ ಜೆರಾರ್ಡ್ ಸರಗೋಸಾ ಅವರನ್ನು ಬೆಂಚಿನಿಂದ ಇಳಿಸಿ ಕೆಲಸ ತೆಗೆದಿದ್ದರು.

ಆದರೆ ಎಡವಲು ಜಾಗ ಇಲ್ಲ. ಮೂರು ವಾರದ ಒಂದು ಗಾಯ ಮೊದಲಾದರೆ ಲೀಗಿನ ಎಂಟನೇ ಒಂದು ಭಾಗವನ್ನು ತಿನ್ನುತ್ತಿತ್ತು, ಈಗ ಹೆಚ್ಚೂಕಡಿಮೆ ಕಾಲು ಭಾಗ. ಮೊದಲ ನಾಲ್ಕು ಪಂದ್ಯದಲ್ಲಿ ತಂಡ ಹದಕ್ಕೆ ಬರದಿದ್ದರೆ ಆಮೇಲೆ ತಿದ್ದಿಕೊಳ್ಳಲು ಒಂಬತ್ತೇ ಉಳಿದಿರುತ್ತವೆ. ಮುಖಾಮುಖಿ ಒಂದೇ ಸಲ ಆದ್ದರಿಂದ ಬಲವಾದ ತಂಡದ ವಿರುದ್ಧ ತವರಿನಲ್ಲಿ ಆಡುತ್ತೀರಾ, ಹೊರಗೆ ಆಡುತ್ತೀರಾ ಎಂಬುದೂ ಅದೃಷ್ಟದ ಪ್ರಶ್ನೆ. ಹೀಗಾಗಿ ಈ ಸಲದ ಪಟ್ಟಿ ನೋಡಿ ತಂಡ ಸುಧಾರಿಸಿತು, ಕೆಟ್ಟಿತು ಎಂದು ತೀರ್ಪು ಕೊಡುವುದು ಅವಸರವಾಗುತ್ತದೆ.

ಏಷ್ಯಾ ಮಟ್ಟದಲ್ಲೂ ಪರಿಣಾಮ ಇದೆ. ಕ್ಲಬ್ ಒಂದು ಸೀಸನ್ನಿನಲ್ಲಿ ಕನಿಷ್ಠ 24 ಪಂದ್ಯ ಆಡಿರಬೇಕು ಎಂಬುದು ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ನಿನ (ಎಎಫ್‌ಸಿ) ಅಳತೆ. ಲೀಗಿನ 13ಕ್ಕೆ ದೇಶದೊಳಗಿನ ಇನ್ನೊಂದು ಟೂರ್ನಿಯಾದ ಸೂಪರ್ ಕಪ್ ಸೇರಿಸಿದರೂ ಅದು ತುಂಬುವುದಿಲ್ಲ. ವಿನಾಯಿತಿ ಸಿಗದಿದ್ದರೆ ಭಾರತದ ಕ್ಲಬ್‌ಗಳಿಗೆ ಏಷ್ಯಾದ ಟೂರ್ನಿಯ ಬಾಗಿಲು ಕಿರಿದಾಗುತ್ತದೆ. ಒಳ್ಳೆಯ ವಿದೇಶಿ ಆಟಗಾರನನ್ನು ಕರೆಯುವಾಗ ಏಷ್ಯಾದಲ್ಲಿ ಆಡಬಹುದು ಅನ್ನುವುದೇ ದೊಡ್ಡ ಆಮಿಷ. ಬೆಂಗಳೂರು 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋಗಿದ್ದ ಕ್ಲಬ್. ಈ ನಷ್ಟ ಅದಕ್ಕೆ ಉಳಿದವರಿಗಿಂತ ಜಾಸ್ತಿ ತಟ್ಟುತ್ತದೆ.

ಮುಂದಿನ ತಂಡ ತೋರಣಗಲ್ಲಿನಲ್ಲಿದೆ

ಆಗಸ್ಟಿನ ಹೇಳಿಕೆಯಲ್ಲಿ ಯುವ ತಂಡಗಳಿಗೆ ಕೈಹಚ್ಚುವುದಿಲ್ಲ ಎಂದಿದ್ದರಲ್ಲ, ಅದಕ್ಕೆ ವಾಪಸ್ ಬರೋಣ. ದುಡ್ಡು ಕಡಿಮೆಯಾದ ಕ್ಲಬ್ಬಿಗೆ ಅಗ್ಗದಲ್ಲಿ ಸಿಗುವುದು ತಾನೇ ಬೆಳೆಸಿದ ಆಟಗಾರ. ಬೆಂಗಳೂರಿನ ಯುವ ತಂಡ ರಿಲಯನ್ಸ್ ಡೆವಲಪ್‌ಮೆಂಟ್ ಲೀಗನ್ನು 2022 ಮತ್ತು 2023ರಲ್ಲಿ ಗೆದ್ದಿತ್ತು. 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 1–0 ಗೆಲುವಿನ ಏಕೈಕ ಗೋಲು ಹೊಡೆದ ವಿನೀತ್ ವೆಂಕಟೇಶ್‌ಗೆ ಆಗ 19. ಬೆನ್ನೆಲುಬಿನ ಮೂವರ ಜಾಗ ತುಂಬುವವರು ಇಂಥ ಕಡೆಯಿಂದಲೇ ಬರಬೇಕು, ಕೊಳ್ಳಲು ದುಡ್ಡಿಲ್ಲವಲ್ಲ.

ಕ್ಲಬ್ಬಿನ ವಸತಿ ಅಕಾಡೆಮಿ ಬೆಂಗಳೂರಿನಲ್ಲಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ಜೆಎಸ್‌ಡಬ್ಲ್ಯುನ ವಿಜಯನಗರ ಟೌನ್‌ಶಿಪ್ಪಿನಲ್ಲಿದೆ. ಕಲ್ಯಾಣ ಕರ್ನಾಟಕದ ಒಳಗೇ. ಹಾಗಿದ್ದೂ ಮೊದಲ ತಂಡದ ಪರಿಚಿತ ಹೆಸರುಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಹುಡುಗರಿಲ್ಲ. ಪ್ರತಿಭೆ ಇಲ್ಲ ಅಂತಲ್ಲ. ರಾಜ್ಯ ಸಂಸ್ಥೆಯ ಮುಖ್ಯ ಲೀಗ್ ನಡೆಯುವುದು ಬೆಂಗಳೂರಿನಲ್ಲಿ. ಆಯ್ಕೆದಾರರ ಕಣ್ಣೂ ಅಲ್ಲೇ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ ಕರ್ನಾಟಕ 54 ವರ್ಷದ ನಂತರ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಆಗಲೂ ರಾಜ್ಯದ ಫುಟ್‌ಬಾಲ್ ಅಂದರೆ ರಾಜಧಾನಿಯ ಫುಟ್‌ಬಾಲ್ ಎಂಬ ಸ್ಥಿತಿ ಬದಲಾಗಲಿಲ್ಲ. ಇಲ್ಲಿ ಟೂರ್ನಿಗಳು ನಡೆದರೂ ಆಡಿದ ಹುಡುಗನ ಹೆಸರು ಎಲ್ಲೂ ದಾಖಲಾಗಿರುವುದಿಲ್ಲ.

ದಾಖಲೆ ಯಾಕೆ ಮುಖ್ಯ ಅಂದರೆ ಅದರಲ್ಲಿ ದುಡ್ಡಿದೆ. ಆಟಗಾರ ಒಪ್ಪಂದ ಮುಗಿಯುವ ಮುಂಚೆ ಹೊರದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ, ಆ ಮೊತ್ತದ ಶೇ 5ರಷ್ಟನ್ನು 12ರಿಂದ 23ರ ವಯಸ್ಸಿನೊಳಗೆ ಅವನನ್ನು ತರಬೇತಿಗೊಳಿಸಿದ ಕ್ಲಬ್‌ಗಳಿಗೆ ಹಂಚಬೇಕು ಎಂಬುದು ಫಿಫಾ ನಿಯಮ. 12ರಿಂದ 15ರ ಒಂದೊಂದು ಸೀಸನ್ನಿಗೆ ಮೊತ್ತದ ಶೇ 0.25, ಆಮೇಲಿನ ಒಂದೊಂದಕ್ಕೆ ಶೇ 0.5. ಕಲಬುರಗಿಯ ಒಂದು ಸಣ್ಣ ಕ್ಲಬ್ ಒಬ್ಬ ಹುಡುಗನನ್ನು ಆ ಮೊದಲ ನಾಲ್ಕು ಸೀಸನ್ ಆಡಿಸಿತು, ಮುಂದೆ ಅವನು ₹1 ಕೋಟಿಗೆ ಹೊರದೇಶಕ್ಕೆ ಹೋದ ಅಂತಿಟ್ಟುಕೊಳ್ಳಿ. ಆ ಕ್ಲಬ್ಬಿನ ಪಾಲು ₹1 ಲಕ್ಷ. ಚೆಂಡು, ಬಲೆ, ಬೂಟು ಎಲ್ಲ ಸೇರಿ ಸಣ್ಣ ಕ್ಲಬ್ಬಿಗೆ ಅದು ದೊಡ್ಡ ಮೊತ್ತವೇ. ಆದರೆ ಹುಡುಗನ ಹೆಸರು ಆ ವರ್ಷಗಳಲ್ಲಿ ಫೆಡರೇಷನ್ನಿನ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ಆ ಕ್ಲಬ್ಬಿನ ಹೆಸರಿನಡಿ ಇದ್ದರೆ ಮಾತ್ರ. ಮೈದಾನದ ನೆನಪು, ಊರವರ ಸಾಕ್ಷಿ ಅಲ್ಲಿ ನಡೆಯುವುದಿಲ್ಲ. ಬೆಂಗಳೂರು ಎಫ್‌ಸಿ ಮುಂದಿನ ಎರಡು ಮೂರು ವರ್ಷ ಕೊಳ್ಳುವುದಕ್ಕಿಂತ ಹುಡುಕುವುದರಲ್ಲೇ ಜಾಸ್ತಿ ಕಳೆಯಬೇಕಾಗಿ ಬಂದರೆ, ತೋರಣಗಲ್ಲಿನಿಂದ ಹೊರಟ ಆಯ್ಕೆದಾರ ಮೊದಲು ಕೇಳುವುದೂ ಈ ನೋಂದಣಿ ಸಂಖ್ಯೆಯನ್ನೇ.